ಕಾಲಿಗಿಳಿದು ಮರಳದವು

ಅಮ್ಮನ ಕಾಲು ನಿಂತು ನಿಂತೇ ಹಾಳಾಯಿತು ಎಂದು ನಮ್ಮವರೆಲ್ಲ ಇಂದಿಗೂ ಹೇಳುತ್ತಾರೆ. ಶಾಪಿಂಗ್ ಮಾಲಿನ ಅತ್ತರು ಕೌಂಟರಿನಲ್ಲಿ ಅವಳಿಗೆ ಕುರ್ಚಿ ಇರಲಿಲ್ಲ, ನಿಜ. ಪಕ್ಕದ ಕೌಂಟರಿನವಳಿಗೂ ಇರಲಿಲ್ಲ. ಅಮ್ಮನಿಗಿಂತ ಹಿರಿಯಳಾದ ಆಕೆಯ ಕಾಲು ನೆಟ್ಟಗೇ ಇತ್ತಲ್ಲ? ಶಾಲೆಯ ಡಿಬೇಟಿನಲ್ಲಿ ಇಂಥ ವಾದವನ್ನು ನಾವು ಒಂದೇ ಪ್ರಶ್ನೆಗೆ ಬೀಳಿಸುತ್ತಿದ್ದೆವು.

ಆಗ ನಾನು ಹನ್ನೊಂದನೇ ಕ್ಲಾಸು. ಕೊಲ್ಲಿ ನಾಡಿನ ಅಲ್ ಕುಸೈಸಿನ ಫ್ಲ್ಯಾಟಿನಲ್ಲಿ ನಾನು, ಅಮ್ಮ ಇಬ್ಬರೇ. ಅಪ್ಪ ಕೆಲಸದ ಊರು ರುವೈಸಿನಿಂದ ಗುರುವಾರ ಸಂಜೆ ಬಂದು ಶನಿವಾರ ಮರಳುತ್ತಿದ್ದರು. ಅಮ್ಮನ ಎಡಪಾದದ ಗಂಟಿನ ಬಳಿಯ ಕಂದು ಕಲೆ ಬೆಳೆಯುತ್ತಿದೆ ಎಂದು ಮೊದಲು ಕಂಡದ್ದು ಅವರಿಗೆ.

“ಮೊನ್ನೆ ಇಷ್ಟು ಇರ್ಲಿಲ್ಲ ಮಾರಾಯ್ತಿ. ಕೆಲಸ ಬಿಡು, ಮನೆಯಲ್ಲಿ ಕೂತ್ಕೋ. ಖಲಾಸ್.”

“ನೀವು ಅಪರೂಪಕ್ಕೆ ನೋಡುದಲ್ವಾ, ಅದಕ್ಕೆ ದೊಡ್ಡದು ಕಾಣ್ತದೆ,” ಎಂದು ಅಮ್ಮ ಅಡುಗೆಮನೆಗೆ ಎದ್ದು ಹೋದಳು. ಕೆಲಸ ಬಿಡುವ ಮಾತು ಬಂದಾಗಲೆಲ್ಲ ಹಾಗೆಯೇ. ಆ ಕೌಂಟರಿನಲ್ಲಿ ನಿಂತು, ತಾನೇ ಕಲಿತ ಮುರುಕು ಅರಬಿಯಲ್ಲಿ ಗಿರಾಕಿಗಳನ್ನು ನಗಿಸುವ ಅಮ್ಮನನ್ನು ನಾನು ನೋಡಿದ್ದೆ. ಅಲ್ಲಿ ಅವಳು ಬೇರೆಯೇ ಹೆಂಗಸು.

ನಾನು ಅಮ್ಮನ ಪಕ್ಷ. ಅಪ್ಪನದು ಭ್ರಮೆ ಎಂದು ತೋರಿಸಲು ರಂಜಾನಿನ ಆರಂಭಕ್ಕೆ ಆ ಕಲೆಯ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದೆ. ಸ್ನಾನಕ್ಕೆ ಮಾಸಿದಾಗಲೆಲ್ಲ ಅದೇ ಗೆರೆಯ ಮೇಲೆ ತಿದ್ದಿದೆ. ಈದ್ ಬರುವಷ್ಟರಲ್ಲಿ ಕಲೆ ಗೆರೆಯಾಚೆ ಕೂತಿತ್ತು. ಮುಟ್ಟಿದೆ. ಏಸಿಯ ಚಳಿಗೆ ಅವಳ ಕಾಲೆಲ್ಲ ತಣ್ಣಗೆ. ಅಲ್ಲಿ ಮಾತ್ರ, ಅಂಗೈಯಗಲ, ಬಿಸಿ. ಒಳಗೆ ಯಾರೋ ಎಚ್ಚರವಿದ್ದ ಹಾಗೆ.

ಮೊದಲ ಕ್ಲಿನಿಕ್ಕಿನಲ್ಲಿ ಅಪ್ಪ “ನರ್ವ್ ಪ್ರಾಬ್ಲಂ” ಎಂದರು. ನಮ್ಮ ಮನೆಮಾತಿನಲ್ಲಿ ಚರ್ಮದಡಿ ಉಬ್ಬಿ ಕಾಣುವುದೆಲ್ಲ ನರವೇ. ಉರಿ ಇದೆ ಎಂದು ಅಮ್ಮನೂ ಅಂದಳು. ನರದ ಮಾತ್ರೆ ಸಿಕ್ಕಿತು. ಕಲೆ ಇನ್ನಷ್ಟು ಕಪ್ಪಾಯಿತು.

ಎರಡನೆಯ ಡಾಕ್ಟರು ಮೈಸೂರಿನ ಕಡೆಯವರು. ಅಮ್ಮನನ್ನು ನಿಲ್ಲಿಸಿ, ಕಾಲಿಗೆ ಯಂತ್ರದ ತುದಿ ಒತ್ತಿ, ಮೀನಖಂಡ ಹಿಂಡಿದರು. ಸ್ಪೀಕರಿನಲ್ಲಿ ಹುಶ್ಶ್ ಎಂದಿತು. ಕೈಬಿಟ್ಟರು. ಮತ್ತೆ ಹುಶ್ಶ್, ಈ ಸಲ ದೀರ್ಘವಾಗಿ, ಯಾರೋ ಉಸಿರು ಬಿಟ್ಟಂತೆ.

“ಎರಡನೇದು ಏನು?” ಎಂದೆ.

“ರಕ್ತ ಕೆಳಕ್ಕೆ ವಾಪಸ್ ಬರ್ತಿರೋದು. ಬರಬಾರದು. ಇದು ನರ ಅಲ್ಲ ಸರ್, ರಕ್ತನಾಳ. ಒಳಗಿನ ಕವಾಟ ಮುಚ್ತಿಲ್ಲ.”

“ನಿಂತೂ ನಿಂತೂ ಅಲ್ವಾ ಡಾಕ್ಟ್ರೇ?” ಅಪ್ಪ ಕೇಳಿದರು.

“ಅದೊಂದೇ ಅಲ್ಲ. ರಕ್ತ ಮಡುಗಟ್ಟಿದ ಕಡೆ ಬಿಳಿ ರಕ್ತಕಣಗಳು ನಾಳದ ಗೋಡೆಗೆ ಅಂಟ್ಕೊಳ್ತವೆ, ಗೋಡೆಯೊಳಕ್ಕೇ ನುಗ್ತವೆ. ಅಲ್ಲಿ ಶತ್ರು ಯಾರೂ ಇಲ್ಲ, ಆದ್ರೂ ಉರಿಯೂತ ಎಬ್ಬಿಸ್ತವೆ. ಗೋಡೆ, ಕವಾಟ ಎರಡೂ ಕೆಡ್ತವೆ. ಕೆಟ್ಟಷ್ಟೂ ಇನ್ನೂ ಮಡುಗಟ್ಟತ್ತೆ. ಕಾಲು ಇಳಿಬಿಟ್ಟಾಗ ಕೆಳಗೆ ಹೋದ ಬಿಳಿಕಣಗಳೆಲ್ಲ ಮೇಲಕ್ಕೆ ವಾಪಸ್ ಬರಲ್ಲ. ಕೆಲವು ಅಲ್ಲೇ ಉಳ್ಕೊಳ್ತವೆ.”

ಅಮ್ಮ ಮಂಚ ಹತ್ತಿ ಕಾಲನ್ನು ಮೇಲೆಳೆದುಕೊಂಡಳು.

“ಹಾಗಾದ್ರೆ ಕುರ್ಚಿಯಲ್ಲಿ ಕೂತ್ರೂ ಅದೇ ಕಥೆ?” ನಾನು ಬಿಡಲಿಲ್ಲ.

“ಕಾಲು ಇಳಿಬಿಟ್ಟು ಕೂತ್ರೆ, ಹೌದು. ನಡೀಬೇಕು, ಬಿಗಿ ಕಾಲುಚೀಲ ಹಾಕ್ಬೇಕು, ಮಲಗಿದಾಗ ಕಾಲು ಎತ್ತರಕ್ಕಿಡಬೇಕು. ನಾಳಕ್ಕೆ ಚಿಕಿತ್ಸೆ ಮಾಡೋಣ, ಬಿಟ್ರೆ ಹುಣ್ಣಾಗತ್ತೆ. ಕೆಲಸ ಬಿಡಬೇಕಂತೇನಿಲ್ಲ.”

ಕಾರಿನಲ್ಲಿ ಅಪ್ಪ ನನಗೆ, “ಗೆದ್ರಿ ಬಿಡಿ ವಕೀಲರೇ,” ಎಂದರು. ಆಮೇಲೆ ಕನ್ನಡಿಯಲ್ಲಿ ಅಮ್ಮನನ್ನು ನೋಡಿ ಮೆಲ್ಲಗೆ, “ಆದ್ರೂ ಕೆಲಸ ಬಿಡ್ತಿ ಅಲ್ವಾ?”

“ಹ್ಞೂಂ.”

ಚಿಕಿತ್ಸೆಯಾಯಿತು. ಕೆಲಸವೂ ಹೋಯಿತು. ಶಾಲೆಯಿಂದ ಬರುವಾಗ ಪರದೆ ಎಳೆದ ಹಾಲಿನಲ್ಲಿ, ಲೈಟು ಹಾಕದೆ, ಅವಳು ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಟೀವಿ ಇಲ್ಲ, ಫೋನಿಲ್ಲ. ಕಾಲುಚೀಲ ಪೊಟ್ಟಣದಲ್ಲೇ. ಇಳಿಬಿಟ್ಟ ಎರಡು ಪಾದಗಳು ಕತ್ತಲಲ್ಲಿ ಊದಿ ಹೊಳೆಯುತ್ತಿದ್ದವು, ಅವಳವಲ್ಲವೇನೋ ಎಂಬಂತೆ.

ಒಂದು ದಿನ ಅವಳೆದುರು ನೆಲದ ಮೇಲೆ ಕೂತು ಕೇಳಿದೆ:

“ಅಮ್ಮಾ, ಡಾಕ್ಟ್ರು ಹೇಳಿದ್ದು ನಿಂಗೂ ಕೇಳಿಸಿತ್ತಲ್ಲ? ಮತ್ತೆ ಅಪ್ಪನಿಗೆ ಹ್ಞೂಂ ಅಂದದ್ದು ಯಾಕೆ?”

“ಅಪ್ಪ ಕೇಳಿದ್ದು ಕಾಲಿನ ವಿಷಯ ಅಲ್ಲ ಅಲ್ವಾ, ನಾನು ಮನೆಯಲ್ಲಿ ಕೂರುವ ವಿಷಯ,” ಎಂದಳು ಅವಳು, ಪಾದ ಎತ್ತದೆಯೇ.