ಗಡ್ಡಿಯಿಂದ ನನ್ನ ಸೈಕಲ್ ಹತ್ತಿ ಬಂದವರು

ಆರು ವರ್ಷದ ಹಿಂದಿನವರೆಗೆ ಇಂಥ ಮಾತನ್ನು ಯಾರಾದರೂ ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಹವಳಗಾ ರಸ್ತೆಯಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ ಇದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟೈರು, ಉಳಿದ ದಿನ ಸೈಕಲ್ಲು, ಮೋಟರ್‌ಸೈಕಲ್ಲು. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿದರೆ ತೂತು ಇದ್ದಲ್ಲಿ ಗುಳ್ಳೆ ಬರುತ್ತದೆ, ಇಲ್ಲದಿದ್ದರೆ ಬರುವುದಿಲ್ಲ. ಕಾಣದ್ದನ್ನು ನಂಬುವ ಕೆಲಸ ನನ್ನದಲ್ಲ. ಕೊರಳಲ್ಲಿ ಲಿಂಗ ಕಟ್ಟಿದ ಮನೆ ನಮ್ಮದು. ತಾಯತ, ಮಂತ್ರಿಸಿದ ಅಂಗಾರ ಎಂದರೆ ನಮ್ಮಪ್ಪ ಬೈದು ಕಳಿಸುತ್ತಿದ್ದ. ನಾನೂ ಹಾಗೆಯೇ ಬೆಳೆದೆ.

ನಡೆದದ್ದನ್ನಷ್ಟೇ ಹೇಳಿ ಬಿಡಬಹುದಿತ್ತು. ಹಾಗೆ ಕೆಲವರಿಗೆ ಹೇಳಿಯೂ ನೋಡಿದೆ. ಕೇಳಿದವರು ನಕ್ಕು ಹೋದರು. ಅವರ ತಪ್ಪಲ್ಲ. ಅದಕ್ಕಿಂತ ಮೊದಲು ನಾನು ಮಾಡಿದ್ದನ್ನು ಹೇಳದೆ ಇದಕ್ಕೆ ಅರ್ಥವೇ ಬರುವುದಿಲ್ಲ. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ನನಗೆ ಒಬ್ಬಳೇ ತಂಗಿ, ಜಗದೇವಿ. ಅವಳನ್ನು ಭೀಮಾ ನದಿಯ ಆಚೆ ದಂಡೆಯ ಊರಿಗೆ ಕೊಟ್ಟಿದ್ದೆವು. ಆಗ ಸೇತುವೆ ಇರಲಿಲ್ಲ. ನದಿಯ ನಡುವೆ ಒಂದು ನಡುಗಡ್ಡೆ. ನಾವು ಅದಕ್ಕೆ ಗಡ್ಡಿ ಅನ್ನುತ್ತೇವೆ. ಈ ದಂಡೆಯ ದೋಣಿ ಗಡ್ಡಿಯವರೆಗೆ ಬಿಡುತ್ತಿತ್ತು, ಅಲ್ಲಿಂದ ಆಚೆ ಬೇರೆ ದೋಣಿ. ದೋಣಿ ಬದಲಿಸುವವರಿಗಾಗಿ ಗಡ್ಡಿಯ ಮೇಲೆ ಕಲ್ಲಿನ ಮೆಟ್ಟಿಲು, ಒಂದು ಕೋಣೆ ಕಟ್ಟಿದ್ದರು.

ನಾಗರಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಗಂಡನ ಮನೆಗೆ ಹೋಗಿ ಕರೆದರೆ ಮಾತ್ರ ಹೆಣ್ಣುಮಗಳು ತವರಿಗೆ ಬರುತ್ತಾಳೆ. ತಾನೇ ಹೊರಟು ಬರುವಂತಿಲ್ಲ, ಬಂದರೆ ಕರೆಯುವವರಿಲ್ಲದ ಮನೆಯವಳು ಅನ್ನಿಸಿಕೊಳ್ಳುತ್ತಾಳೆ. ಮದುವೆಯಾದ ಎರಡನೆಯ ವರ್ಷ ಅವ್ವ ನನ್ನ ಕೈಗೆ ಎಳ್ಳುಂಡಿ, ಶೇಂಗಾದುಂಡಿ ಕಟ್ಟಿ ಕೊಟ್ಟು ತಂಗಿಯನ್ನು ಕರೆದುಕೊಂಡು ಬಾ ಎಂದು ಕಳಿಸಿದಳು. ನನಗೆ ಹೋಗಲು ಮನಸ್ಸಿರಲಿಲ್ಲ. ಹಿಂದಿನ ಸಲ ತಂಗಿಯ ಗಂಡ ನಾಲ್ಕು ಜನರ ಮುಂದೆ, “ನಮ್ಮ ಹೆಣ್ತಿ ಅಣ್ಣ ಏಳನೇತ್ತಾ ಪಾಸ್ ಆಗ್ಯಾನ್ರಿ, ಗಾಳಿ ಹೊಡ್ಯಾದ್ರಾಗ ಫಸ್ಟ್ ಕ್ಲಾಸ್” ಎಂದು ನಗಿಸಿದ್ದ. ಅದು ಹೊಟ್ಟೆಯಲ್ಲಿ ಉಳಿದಿತ್ತು.

ಊರ ಹೊರಗೆ ಗೆಳೆಯರು ಲಿಂಬೆಹಣ್ಣು ಎಸೆಯುವ ಪಂದ್ಯ ಹಚ್ಚಿದ್ದರು. ಇಂತಿಷ್ಟು ಎಸೆತಕ್ಕೆ ದೂರದ ಒಂದು ಗಿಡದವರೆಗೆ ಹಣ್ಣು ಮುಟ್ಟಿಸಬೇಕು, ಅದು ಪಂಚಮಿಯ ಆಟ. ಒಂದು ಕೈ ನೋಡಿ ಹೋಗೋಣ ಎಂದು ಸೈಕಲ್ ನಿಲ್ಲಿಸಿದೆ. ಪಣಕ್ಕೆ ಇಡಲು ಏನೂ ಇರಲಿಲ್ಲ. ಉಂಡಿಯ ಗಂಟು ಬಿಚ್ಚಿದೆ. ಸಂಜೆಯ ಹೊತ್ತಿಗೆ ತಂಗಿಗೆಂದು ಕಟ್ಟಿದ ಉಂಡಿಗಳನ್ನೆಲ್ಲ ಸೋತಿದ್ದೆ. ಗೆದ್ದವರು ನನ್ನೆದುರೇ ತಿಂದರು. ನನಗೂ ಒಂದು ಕೊಟ್ಟರು, ನಾನೂ ತಿಂದೆ.

ಬರಿಗೈಯಲ್ಲಿ ಹೋಗಿ ಕರೆಯುವುದು ಹೇಗೆ? ಮನೆಗೆ ಬಂದು ಅವ್ವನಿಗೆ, “ಹೋಗಿದ್ದೆ. ಅವರು ಕಳಸಲ್ಲ ಅಂದ್ರು” ಅಂದೆ.

ಅಷ್ಟೇ ಮಾತು. ಅವ್ವ ಬಾಯಿಗೆ ಸೆರಗು ಇಟ್ಟುಕೊಂಡು ಒಲೆಯ ಮುಂದೆ ಕುಳಿತಳು. ಕರೆಯಲು ಹೋದ ಅಣ್ಣನನ್ನು ಬರಿಗೈಯಲ್ಲಿ ಕಳಿಸಿದವರ ಹೊಸಲು ಇನ್ನು ತುಳಿಯುವುದಿಲ್ಲ ಎಂದು ಆಣೆ ಮಾಡಿದಳು. ಆಚೆ ಊರಿನಲ್ಲಿ ತಂಗಿ ತನ್ನನ್ನು ತವರಿನವರು ಮರೆತರು ಅಂದುಕೊಂಡಳು. ಮುಂದಿನ ವರ್ಷಗಳಲ್ಲಿಯೂ ಯಾರೂ ಹೋಗಲಿಲ್ಲ, ಯಾರೂ ಬರಲಿಲ್ಲ. ಜಗದೇವಿ ನಮ್ಮ ಮನೆಗೆ ಮತ್ತೆ ಬಂದದ್ದು ಅವ್ವನ ಮಣ್ಣಿಗೆ.

ಇನ್ನೊಂದು ಮಾತು ಇದೆ. ಹಬ್ಬ ಮುಗಿದು ವಾರದ ಮೇಲೆ ಚಹಾದಂಗಡಿಯಲ್ಲಿ ದೋಣಿ ನಡೆಸುವ ಮುದುಕ ಸಿಕ್ಕಿದ್ದ. ಯಾರಿಗೋ ಹೇಳುತ್ತಿದ್ದ: “ಮೊನ್ನಿ ಹಬ್ಬದಾಗ ಒಂದು ಹೆಣ್ಣುಮಗಳು ಮುಂಜಾನಿಂದ ಗಡ್ಡಿ ಮೆಟ್ಟಲ ಮ್ಯಾಲೆ ಗಂಟು ಹಿಡ್ಕೊಂಡು ಕುಂತಿತ್ತು. ಯಾಕವಾ ಅಂದ್ರ, ಅಣ್ಣ ಬರ್ತಾನ ಅಂತದ. ದೀಪ ಹಚ್ಚೋ ತನಕ ಕುಂತು ಹೊಳ್ಳಿ ಹೋತು ನೋಡ್ರಿ.” ಯಾವ ಊರಿನವಳೆಂದು ಅವನಿಗೆ ಗೊತ್ತಿರಲಿಲ್ಲ, ಮುಖದ ಮೇಲೆ ಸೆರಗು ಇತ್ತಂತೆ. ನನಗೆ ಕೇಳುವ ಅಗತ್ಯವಿರಲಿಲ್ಲ. ಚಹಾ ಹಾಗೇ ಬಿಟ್ಟು ಎದ್ದು ಬಂದೆ.

ಆಮೇಲೆ ಸೇತುವೆ ಆಯಿತು, ದೋಣಿ ನಿಂತವು. ಬ್ಯಾರೇಜಿನ ಹಿನ್ನೀರು ಬಂದು ಗಡ್ಡಿ ಅರ್ಧ ಮುಳುಗಿತು. ಆರು ವರ್ಷದ ಹಿಂದಿನ ಬೇಸಿಗೆಯಲ್ಲಿ ಏನೋ ರಿಪೇರಿಗೆಂದು ಹಿನ್ನೀರು ಖಾಲಿ ಮಾಡಿದಾಗ ಗಡ್ಡಿ ಪೂರ್ತಿ ಮೇಲೆ ಬಂತು. ಈ ಕಡೆಯ ಹರಿವು ಬತ್ತಿ, ತಳದ ಹಸಿ ಮೆಕ್ಕಲು ಮಣ್ಣು ಅರ್ಧ ಗಟ್ಟಿಯಾಗಿ, ಸೈಕಲ್ ಮೇಲೆ ಹೋಗುವಂತಾಗಿತ್ತು. ಹಳೆ ಕಬ್ಬಿಣ ಏನಾದರೂ ಸಿಕ್ಕೀತು ಎಂದು ಹೆಂಡತಿಗೆ ಹೇಳಿ ಒಂದು ಮಧ್ಯಾಹ್ನ ಹೊರಟೆ. ಕಬ್ಬಿಣ ನೆಪ. ಆ ಮೆಟ್ಟಿಲು ನೋಡಬೇಕಿತ್ತು.

ಮೆಟ್ಟಿಲುಗಳು ಹಾಗೇ ಇದ್ದವು, ನೀರು ಮಾತ್ರ ಇರಲಿಲ್ಲ. ಕೋಣೆಯ ಚಾವಣಿ ಬಿದ್ದು ಒಳಗೆ ಜಾಲಿ ಬೆಳೆದಿತ್ತು. ಗೋಡೆಯ ಮೇಲೆ ನೀರು ನಿಂತ ಗೆರೆಗಳು ಒಂದರ ಮೇಲೊಂದು. ದೋಣಿ ಕಟ್ಟುವ ಕಬ್ಬಿಣದ ಬಳೆ ಕಲ್ಲಿನಲ್ಲಿ ತುಕ್ಕು ಹಿಡಿದು ಕುಳಿತಿತ್ತು. ಮುಟ್ಟಿದರೆ ಪುಡಿ ಉದುರಿತು. ಸತ್ತ ಕಪ್ಪೆಚಿಪ್ಪು, ಹರಿದ ಮೀನಿನ ಬಲೆ. ನಾನು ಕೋಣೆಯ ಸುತ್ತ ಎರಡು ಸಲ ತಿರುಗಿದೆ. ಗೋಡೆಯ ನೆರಳು ಬಿದ್ದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಏನೂ ಆಗಲಿಲ್ಲ. ಯಾವ ಸದ್ದೂ ಇಲ್ಲ, ತಂಗಾಳಿಯೂ ಇಲ್ಲ. ಅಳು ಬರಬಹುದು ಅಂದುಕೊಂಡಿದ್ದೆ, ಅದೂ ಬರಲಿಲ್ಲ. ಬಿಸಿಲಿಗೆ ತಲೆ ಸಿಡಿಯತೊಡಗಿ ಎದ್ದೆ.

ಸ್ಟ್ಯಾಂಡ್ ತೆಗೆದು ಸೈಕಲ್ ತಳ್ಳಿದೆ. ಭಾರವಾಗಿತ್ತು. ಹಿಂದಿನ ಟೈರು ಕುಳಿತಿದೆ ಎಂದುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಗಾಳಿ ಸರಿಯಾಗಿಯೇ ಇತ್ತು. ಬ್ರೇಕು ಹಿಡಿದಿರಲಿಲ್ಲ, ಚೈನು ಸಿಕ್ಕಿರಲಿಲ್ಲ. ಹತ್ತಿ ಪೆಡಲ್ ತುಳಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಕಾಲಿಗೆ ಗೊತ್ತಾಯಿತು.

ಸೈಕಲ್ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೊಡೆದವರಿಗೆ ಇದು ತಿಳಿಯುತ್ತದೆ. ಮುಂದಿನ ಗಾಲಿ ಹಗುರಾಗುತ್ತದೆ, ಹ್ಯಾಂಡಲ್ ಆಡುತ್ತದೆ. ಕೂತವರು ಎಡಕ್ಕೆ ಕಾಲು ಇಳಿಬಿಟ್ಟು ಒಂದೇ ಬದಿ ಕೂತಿದ್ದರೆ ನೀವು ಮೈಯನ್ನು ಬಲಕ್ಕೆ ವಾಲಿಸಬೇಕು, ಇಲ್ಲದಿದ್ದರೆ ಸೈಕಲ್ ಎಡಕ್ಕೆ ಎಳೆಯುತ್ತದೆ. ನಾನು ಬಲಕ್ಕೆ ವಾಲಿದ್ದೆ. ಯಾರೂ ಹೇಳದೆ ನನ್ನ ಮೈ ತಾನಾಗಿ ವಾಲಿತ್ತು. ತಗ್ಗು ಬಂದಾಗಲೆಲ್ಲ ಕ್ಯಾರಿಯರ್ ಕಿರ್ ಅನ್ನುತ್ತಿತ್ತು. ಖಾಲಿ ಕ್ಯಾರಿಯರ್ ಗಡಗಡ ಅನ್ನುತ್ತದೆ, ಕಿರ್ ಅನ್ನುವುದು ಭಾರ ಇದ್ದಾಗ ಮಾತ್ರ.

ಹಿಂತಿರುಗಿ ನೋಡಲಿಲ್ಲ. ಯಾಕೆ ನೋಡಲಿಲ್ಲ ಎಂದು ನನ್ನನ್ನು ನಾನೇ ಎಷ್ಟು ಸಲ ಬೈದುಕೊಂಡಿದ್ದೇನೋ. ಒಂದು ಸಲ ಕುತ್ತಿಗೆ ತಿರುಗಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಹೆದರಿಕೆ ಅಂಥದ್ದೇನೂ ಇರಲಿಲ್ಲ. ಮುಖ ತೋರಿಸುವುದು ಹೇಗೆ ಅನ್ನಿಸಿತು, ಅಷ್ಟೇ.

ದಂಡೆ ಹತ್ತಿ, ಜೋಳದ ಹೊಲಗಳ ನಡುವಿನ ದಾರಿಯಲ್ಲಿ ಬೆವರು ಸುರಿಸುತ್ತ ಊರ ಅಗಸಿಯವರೆಗೆ ಬಂದೆ. ಅಗಸಿಯ ಕಲ್ಲಿನ ಬಾಗಿಲ ಬಳಿ ಸೈಕಲ್ ಒಮ್ಮೆಲೇ ಹಗುರಾಗಿ ಮುಂದಕ್ಕೆ ಜಿಗಿಯಿತು. ಬಲಕ್ಕೆ ವಾಲಿದ್ದವನು ಬಲಕ್ಕೇ ಬಿದ್ದೆ. ಮೊಳಕೈ ಚರ್ಮ ಕಿತ್ತಿತು. ನಳದ ಹತ್ತಿರ ನೀರು ಹಿಡಿಯುತ್ತಿದ್ದ ಇಬ್ಬರು ಹೆಂಗಸರನ್ನು, “ನನ್ನ ಹಿಂದ ಯಾರರ ಇದ್ರೇನ್ರವಾ?” ಎಂದು ಕೇಳಿದೆ. ಒಬ್ಬಳು ಕೊಡ ಕೆಳಗಿಟ್ಟು, “ಯಾಕೋ ಯಪ್ಪಾ, ಹೆಣ್ತಿನ್ನ ಬಿಟ್ಟು ಮತ್ತ್ಯಾರನ್ನ ಕುಂದ್ರಸ್ಕೊಂಡು ತಿರಗಾಕತ್ತೀದಿ?” ಅಂದಳು. ಇಬ್ಬರೂ ನಕ್ಕರು.

ನಾನು ಅಲ್ಲಿಂದಲೇ ಸೈಕಲ್ ತಿರುಗಿಸಿ ಮತ್ತೆ ನದಿಗೆ ಹೋದೆ. ಮೆಕ್ಕಲಿನ ಮೇಲೆ ನನ್ನ ಗಾಲಿಯ ಗುರುತಿನ ಎರಡು ಸಾಲು ಇದ್ದವು. ಹೋಗುವಾಗಿನದು ಬೆರಳಿನ ಗೆರೆಯಷ್ಟು ತೆಳು. ಬರುವಾಗಿನದರಲ್ಲಿ ಹಿಂದಿನ ಗಾಲಿ ಒಳಕ್ಕೆ ಇಳಿದು, ಎರಡೂ ಬದಿ ಮಣ್ಣು ಎದ್ದು ನಿಂತಿತ್ತು. ಆ ಆಳ ಮೆಟ್ಟಿಲ ಬುಡದಿಂದಲೇ ಶುರುವಾಗಿತ್ತು. ಅಲ್ಲಿ ನನ್ನ ಚಪ್ಪಲಿಯ ಗುರುತು ಬಿಟ್ಟು ಬೇರೆ ಹೆಜ್ಜೆ ಇರಲಿಲ್ಲ.

ಆಗ ಹೆದರಿಕೆ ಬಂತು. ಜಗದೇವಿ ಸತ್ತಳು ಅಂದುಕೊಂಡೆ. ಈಗ ಅವರ ಮನೆ ಜೇವರ್ಗಿಯಲ್ಲಿ. ಅವಳ ನಂಬರು ನನ್ನ ಫೋನಿನಲ್ಲಿತ್ತು, ಆದರೆ ನಾನಾಗಿ ಎಂದೂ ಮಾಡಿದವನಲ್ಲ. ಮಾಡಿದೆ. ಎತ್ತಿದಳು.

“ಯಾರ್ ಸತ್ರು?” ಅಂದಳು, ನನ್ನ ಹೆಸರು ಕಂಡು.

“ಯಾರೂ ಇಲ್ಲ. ಸುಮ್ನ ಮಾಡ್ದೆ. ಆರಾಮ್ ಇದ್ದೀಯಿಲ್ಲ?”

“ಆರಾಮ್ ಅದೀನಿ. ಗ್ಯಾಸಿನ ಮ್ಯಾಲ ಹಾಲ್ ಇಟ್ಟೇನಿ ಯಣ್ಣಾ, ಏನದ ಲಗೂನ ಹೇಳು.”

ಹಾಲು ಉಕ್ಕಿತೋ ಏನೋ, ಫೋನು ಇಟ್ಟಳು.

ಮಾರನೆಯ ದಿನ ಪಕ್ಕದ ವೆಲ್ಡಿಂಗ್ ಅಂಗಡಿಯ ಮೌಲಾಲಿಯನ್ನು ಕರೆದುಕೊಂಡು ಹೋದೆ. ಕ್ಯಾರಿಯರ್ ಮೇಲೆ ಐವತ್ತು ಕಿಲೋದ ಜೋಳದ ಚೀಲ ಕಟ್ಟಿ ಅದೇ ಮೆಕ್ಕಲಿನ ಮೇಲೆ ಹೊಡೆದು ನೋಡುವುದಿತ್ತು. ತಂಗಿಯ ವಿಷಯ ಬಿಟ್ಟು ಉಳಿದದ್ದನ್ನು ಅವನಿಗೆ ಹೇಳಿದ್ದೆ. “ಏನ್ರೀ ಅಣ್ಣಾ, ದೆವ್ವದ ತೂಕ ಮಾಡಾಕ ಹೊಂಟೀರೇನ್ರಿ? ಬಿಸಲು ತಲಿಗಿ ಏರ್ಯಾದ ನಿಮಗ, ಜರಾ ಲಿಂಬೂ ಶರಬತ್ ಕುಡೀರಿ” ಎಂದು ದಾರಿಯುದ್ದಕ್ಕೂ ನಗುತ್ತ ಬಂದ. ತುಂಬಿದ ಚೀಲ ಹೆಚ್ಚಾಯಿತು, ಗುರುತು ಇನ್ನೂ ಆಳ ಇಳಿಯಿತು. ಜೋಳ ತೆಗೆಯುತ್ತ ತೆಗೆಯುತ್ತ ಹೋದೆವು. ಚೀಲ ಮುಕ್ಕಾಲಿಗೆ ಬಂದಾಗ ಹಿಂದಿನ ದಿನದ ಗುರುತಿಗೆ ಸರಿಹೋಯಿತು. ಮೌಲಾಲಿ ಕುಕ್ಕರಗಾಲಲ್ಲಿ ಕುಳಿತು ಎರಡೂ ಗುರುತಿನಲ್ಲಿ ಬೆರಳಿಟ್ಟು ನೋಡಿದ. ಆಮೇಲೆ ನಗಲಿಲ್ಲ. “ಸಣಕಲ ಹೆಣ್ಣುಮಗಳ ತೂಕರೀ ಇದು. ನಡೀರಿ, ಹೋಗೂನು” ಅಂದ.

ಜಗದೇವಿ ಈಗ ಸಣಕಲಲ್ಲ. ಮದುವೆಯಾದ ಹೊಸದರಲ್ಲಿ ಹಾಗಿದ್ದಳು.

ನಾಲ್ಕು ದಿನ ಅಂಗಡಿ ತೆರೆಯಲಿಲ್ಲ. ಐದನೆಯ ದಿನ ಬಸ್ಸು ಹತ್ತಿ ಜೇವರ್ಗಿಗೆ ಹೋದೆ. ತಂಗಿಯ ಗಂಡ ಕಾಳಿನ ಅಡತಿ ಅಂಗಡಿಗೆ ಹೋಗಿದ್ದ, ಮಕ್ಕಳು ಇರಲಿಲ್ಲ. ಅವಳು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನಾನು ಎಲ್ಲ ಹೇಳಿದೆ. ಪಂದ್ಯ ಹೇಳಿದೆ, ಉಂಡಿ ತಿಂದದ್ದು ಹೇಳಿದೆ, ಅವ್ವನಿಗೆ ಹೇಳಿದ ಸುಳ್ಳು ಹೇಳಿದೆ. ಅವ್ವ ಸಾಯುವಾಗಲೂ ನಿಜ ಹೇಳದೆ ಅವಳ ಪಕ್ಕ ಕುಳಿತಿದ್ದೆ ಎಂದೂ ಹೇಳಿದೆ. ಅವಳ ಕೈ ಬೇಳೆಯಲ್ಲಿ ಆಡುತ್ತಲೇ ಇತ್ತು. ಕೊನೆಗೆ ಗಡ್ಡಿಯ ಮೆಟ್ಟಿಲಿನ ಮಾತು ತೆಗೆದು, “ದಿನಾ ಪೂರ್ತಿ ನನ್ನ ಹಾದಿ ನೋಡಿಕೋತ ಕುಂತಿದ್ದಿ, ನಾ ಬರಲಿಲ್ಲ. ತಪ್ಪಾಯ್ತು” ಅಂದೆ.

ಆಗ ಕೈ ನಿಂತಿತು. “ನಾ ಎಲ್ಲಿ ಕುಂತಿದ್ದೆ?” ಅಂದಳು. “ನಾ ಅವತ್ತು ಮನಿ ಬಿಟ್ಟೇ ಹೊಂಟಿಲ್ಲ. ನಮ್ಮತ್ತಿಗಿ ಜ್ವರ ಬಂದಿದ್ವು. ನೀ ಕರಿಯಾಕ ಬಂದ್ರೂ ಕಳಸ್ತಿದ್ದಿಲ್ಲ ಅವರು.”

“ಖರೇನ?”

ಅವಳು ನನ್ನ ಕಡೆ ನೋಡಲಿಲ್ಲ. ಬೇಳೆಯಿಂದ ಒಂದು ಕಲ್ಲು ಆರಿಸಿ ಹೊರಗೆ ಎಸೆದಳು. “ಖರೇ ಅಂದ್ರ ನಿನ್ನ ಜೀವಕ್ಕ ಹಗುರ ಆಗ್ತದೇನು ಯಣ್ಣಾ? ಹಂಗಾರ ಖರೇ ಅದ. ಏಳು, ಊಟ ಮಾಡು.”

ಊಟಕ್ಕೆ ಬಡಿಸಿದಳು. ಎರಡು ರೊಟ್ಟಿ ಸಾಕೆಂದರೂ ಮೂರನೆಯದು ಹಾಕಿದಳು. ಮತ್ತೆ ಆ ಮಾತು ತೆಗೆಯಲು ನೋಡಿದಾಗ ನಳಕ್ಕೆ ನೀರು ಬಂತೆಂದು ಎದ್ದು ಹೋದಳು. ಆಮೇಲೂ ಎಷ್ಟೋ ಸಲ ಕೇಳಿದ್ದೇನೆ. ಸಿಟ್ಟು ಮಾಡುವುದಿಲ್ಲ, ಅಳುವುದಿಲ್ಲ, ಬೇರೆ ಮಾತು ತೆಗೆಯುತ್ತಾಳೆ. ಅವಳು ನನ್ನನ್ನು ಉಳಿಸಲು ಸುಳ್ಳು ಹೇಳಿದಳೋ, ನಾನು ಅವ್ವನಿಗೆ ಹೇಳಿದ ಸುಳ್ಳೇ ನಿಜವಾಗಿತ್ತೋ ತಿಳಿಯದು. ದೋಣಿಯ ಮುದುಕ ತೀರಿಹೋಗಿ ಬಹಳ ವರ್ಷವಾಯಿತು. ಕೇಳೋಣವೆಂದರೆ ಯಾರೂ ಉಳಿದಿಲ್ಲ. ಬೈದು ಹೊರಗೆ ಹಾಕಿದ್ದರೆ ಎಷ್ಟೋ ಚಲೋ ಇತ್ತು. ಕ್ಷಮೆ ಕೇಳಲು ಹೋದವನಿಗೆ ಕ್ಷಮಿಸುವವರೇ ಸಿಗದ ಹಾಗಾಗಿದೆ.

ಮೆಟ್ಟಿಲ ಮೇಲೆ ಕುಳಿತವಳು ನನ್ನ ತಂಗಿಯೇ ಆಗಿದ್ದರೆ, ಅವಳು ಜೇವರ್ಗಿಯಲ್ಲಿ ಹಾಲು ಕಾಸುತ್ತಿದ್ದ ಹೊತ್ತಿನಲ್ಲಿ ನನ್ನ ಸೈಕಲ್ ಹತ್ತಿದ್ದು ಹೇಗೆ? ಆಗಿರದಿದ್ದರೆ, ಅದು ಯಾರ ಮನೆಯ ಹೆಣ್ಣುಮಗಳು? ಅವಳ ಅಣ್ಣನೂ ಎಲ್ಲೋ ಆಟಕ್ಕೆ ನಿಂತಿದ್ದನೇ? ನಮ್ಮೂರ ಅಗಸಿಯಲ್ಲಿ ಇಳಿದು ಅವಳು ಯಾರ ಮನೆಗೆ ಹೋದಳು, ಅಲ್ಲಿ ಅವಳನ್ನು ಯಾರಾದರೂ ಒಳಗೆ ಕರೆದರೋ ಇಲ್ಲವೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.