ಅಕ್ಕನ ಕೈಗುಣ

ಹೋದ ವಾರ ಮೊಮ್ಮಗಳು ಶಾಲೆಯ ಆಟೋಟದ ದಿನಕ್ಕೆ ಬರೆದ ಭಾಷಣ ತಂದು ತೋರಿಸಿದಳು. ಕೊನೆಯ ಸಾಲು, 'ಮೇ ದಿ ಬೆಸ್ಟ್ ಒನ್ ವಿನ್'.

"ತಾತ, ಇದನ್ನ ಇಲ್ಲಿ ಬರೆದಿರೋದು ಸರೀನಾ?"

"ಸರಿ ಕಣಮ್ಮ" ಎಂದೆ. ಆ ಸಾಲನ್ನು ನಾನು ಎಲ್ಲಿ ಬರೆದಿದ್ದೆನೆಂದು ಅವಳಿಗೆ ಹೇಳಲಿಲ್ಲ.

ನನ್ನ ಹರೆಯದಲ್ಲಿ ವಕ್ಕಲೇರಿ ಪಕ್ಕದ ನಮ್ಮೂರಿನಲ್ಲಿ ಹಾಲು ಕರೆಯುವ ಸ್ಪರ್ಧೆ ಇಟ್ಟಿದ್ದರು. ಹೈಸ್ಕೂಲು ಓದಿದವನೆಂದು ಡೈರಿಯ ಗೋಡೆಗೆ ಇಂಗ್ಲಿಷಿನಲ್ಲಿ ಒಂದು ಮಾತು ಬರೆಯಲು ನನಗೇ ಹೇಳಿದರು. ಒಂದಕ್ಷರ ತಪ್ಪದಂತೆ ಬರೆದೆ. ಅಕ್ಕ ಬಂದು ನೋಡುತ್ತ ನಿಂತಳು.

"ಅದೇನ್ಲಾ ಗೀಚಿರೋದು?"

"ಯಾರು ಮೇಲೋ ಅವರೇ ಗೆಲ್ಲಲಿ ಅಂತ ಕಣಕ್ಕ."

"ಹಂಗಾದ್ರೆ ನೀನು ಸೋತೆ ಬಿಡು!" ಎಂದು ನಕ್ಕಳು.

ಗಂಡ ಸತ್ತ ಮೇಲೆ, ಅವಳ ಕೈಗುಣ ಸರಿಯಿಲ್ಲ, ಮುಟ್ಟಿದ್ದು ಏಳಿಗೆಯಾಗಲ್ಲ ಎಂದು ಅತ್ತೆಮನೆಯವರು ತವರಿಗೆ ಅಟ್ಟಿದ್ದರು. ಒಂದು ಹಸು ಕಟ್ಟಿಕೊಂಡು ನನ್ನ ಪಕ್ಕದಲ್ಲೇ ಬೇರೆ ಇದ್ದಳು. "ಗೆದ್ರೆ ನಮ್ಮತ್ತೆಗೂ ಸುದ್ದಿ ಮುಟ್ಟತ್ತೆ ಕಣೋ, ನನ್ ಕೈಗೂ ಗುಣ ಐತೆ ಅಂತ" ಎನ್ನುತ್ತಿದ್ದಳು.

ಸ್ಪರ್ಧೆಯ ಹಿಂದಿನ ಸಂಜೆ ಎಲ್ಲರೆದುರು ಕೆಚ್ಚಲು ಬರಿದು ಮಾಡಿ, ಕರುವನ್ನು ದೂರ ಕಟ್ಟಬೇಕು. ಮರುದಿನ ಬೆಳಿಗ್ಗೆ ಕರೆದ ಹಾಲು ಲೆಕ್ಕಕ್ಕೆ. ನನ್ನ ಹಸುವೂ ಸ್ಪರ್ಧೆಯಲ್ಲಿತ್ತು. "ಓದಿದೋನಿಗಿಂತ ಅವರಕ್ಕನ ಹಸುವೇ ವಾಸಿ" ಎಂದು ಡೈರಿಯಲ್ಲಿ ದಿನವೂ ಚುಡಾಯಿಸುತ್ತಿದ್ದರು. ಆ ಬೆಳಿಗ್ಗೆ ಅಕ್ಕ ನೀರಿಗೆ ಹೋದಾಗ ಅವಳ ಕರುವಿನ ಹಗ್ಗ ಬಿಚ್ಚಿಬಿಟ್ಟೆ.

ಅವಳು ಕರೆಯಲು ಕೂತಾಗ ಹಾಲು ಪಾತ್ರೆಯ ತಳ ಮುಚ್ಚಲಿಲ್ಲ. ಜನ ನಕ್ಕರು. ನನ್ನ ಹಸು ಗೆದ್ದಿತು. ಕೊರಳಲ್ಲಿ ಹಾರ ಹಾಕಿಕೊಂಡು, ನಾನೇ ಬರೆದ ಗೋಡೆಯ ಕೆಳಗೆ ನಿಂತೆ.

"ಗಂಟು ಸರಿಯಾಗಿ ಹಾಕಿಲ್ಲ ಅನ್ಸುತ್ತೆ. ನಮ್ಮತ್ತೆ ಅಂದಿದ್ದೇ ನಿಜ ಕಣೋ" ಎಂದಳು ಅಕ್ಕ. ತಿಂಗಳೊಳಗೆ ಹಸು ಮಾರಿದಳು. ಆಮೇಲೆ ನಮ್ಮ ಮನೆಯ ಮದುವೆಗಳಲ್ಲೂ ಅರಿಶಿನ ಮುಟ್ಟದೆ, ಕೈ ಸೆರಗಿನೊಳಗಿಟ್ಟುಕೊಂಡು ಮೂಲೆಯಲ್ಲಿ ನಿಲ್ಲುತ್ತಿದ್ದಳು. ನಾನು ನೋಡುತ್ತಿದ್ದೆ.

ಕೋಲಾರದ ಆಸ್ಪತ್ರೆಯಲ್ಲಿ, ಅಕ್ಕನಿಗೆ ಇನ್ನೆರಡು ದಿನ ಎಂದು ಡಾಕ್ಟರು ಹೇಳಿದ್ದಾಗ, ನನ್ನ ಕೈ ಹಿಡಿದು ಕೇಳಿದಳು: "ಆವತ್ತು ನಾನು ಗಂಟು ಹಾಕಿದ್ನೇನೋ, ಇಲ್ವೇನೋ?"

"ನೆನಪಿಲ್ಲ ಅಕ್ಕ" ಎಂದೆ.

ಎರಡು ಗಂಟು ಹಾಕಿದ್ದಳು. ಬಿಚ್ಚಲು ನನಗೆ ಹಲ್ಲು ಬೇಕಾಯಿತು.