ಛತ್ರದ ಜಗಲಿಯಲ್ಲಿ ಜೋಳದ ರೊಟ್ಟಿ

ಬೊಂಬಾಯಿಯಲ್ಲಿ ನಾನು ಕಲಿಯುತ್ತಿದ್ದುದೇನೆಂದು ದಾವಣಗೆರೆಯ ನಮ್ಮ ಮನೆಯವರಿಗೆ ವಿವರಿಸುವುದು ಕಷ್ಟವಾಗುತ್ತಿತ್ತು. ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಕೈಕಾಲು ಸೋತವರಿಗೆ ದಿನನಿತ್ಯದ ಕೆಲಸಗಳನ್ನೇ ಮಾಡಿಸಿ ಚೇತರಿಕೆ ತರುವ ಚಿಕಿತ್ಸೆ ಅದು. ಅರವತ್ತರ ದಶಕದ ಮೊದಲಲ್ಲಿ, ಒಂದು ಬೇಸಿಗೆ ರಜೆಯಲ್ಲಿ, ನೆಲೆಯಿಲ್ಲದವರೊಬ್ಬರ ಜೊತೆ ಆರು ವಾರ ಕೆಲಸ ಮಾಡಿ ವರದಿ ಒಪ್ಪಿಸಬೇಕಿತ್ತು. ಹರಿಹರದ ಹೊಳೆಯ ಹತ್ತಿರ, ಛತ್ರದ ಜಗಲಿಯಲ್ಲಿ ಮಲಗುತ್ತಿದ್ದ ಹೆಂಗಸೊಬ್ಬಳು ಒಪ್ಪಿದಳು. ನಲವತ್ತೈದರ ಆಸುಪಾಸು. ಎಡ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು.

ಒಪ್ಪಿಗೆಯಿಲ್ಲದೆ ಯಾರ ಕೈಯನ್ನೂ ಮುಟ್ಟಬಾರದು, ಓದು ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು ಎಂಬುದು ನಮ್ಮ ಅಧ್ಯಾಪಕಿಯ ನಿಯಮ. ಮೊದಲ ದಿನವೇ ಒಪ್ಪಿಗೆಯ ಕಾಗದ ಓದಿ ಹೇಳಿ, ಮಸಿಯ ಡಬ್ಬಿ ಮುಂದಿಟ್ಟೆ. ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನನ್ ಮೈದುನನೂ ಹಿಂಗೇ ಓದಿ ಹೇಳಿದ್ದ, ತಂಗಿ. ಒತ್ತಿದೆ. ಮನಿ ಹೋತು."

ಮರುದಿನ ಜಗಲಿಯಲ್ಲಿ ಆಕೆ ಇರಲಿಲ್ಲ. "ಮಸಿ ಅಕ್ಕಾರು ಬಂದ್ರು, ಬೆಟ್ಟು ಮುಚ್ಕೊಳ್ರಪ್ಪೋ!" ಎಂದು ಅಲ್ಲಿದ್ದ ಮುದುಕನೊಬ್ಬ ಕೂಗಿದ. ಎಲ್ಲರೂ ನಕ್ಕರು. ನನ್ನಿಂದಾಗಿ ಆಕೆ ಮಲಗುವ ಜಾಗವನ್ನೂ ಬಿಟ್ಟು ಹೋಗಿದ್ದಳು.

ಮೂರನೆಯ ದಿನ ಹೊಳೆಯ ಮೆಟ್ಟಿಲ ಮೇಲೆ ಸಿಕ್ಕಳು. ಆಕೆಯ ಎದುರಿಗೇ ಕಾಗದ ಹರಿದೆ.

"ಈ ಕೈಯಿಂದ ನಿಮಗೇನಾಗಬೇಕು ಅಂತ ನಾನು ಕೇಳಲೇ ಇಲ್ಲ. ಈಗ ಹೇಳಿ."

"ರೊಟ್ಟಿ ಬಡೀಬೇಕು. ಬಡಿಯಾಕೆ ಬಂದ್ರೆ ಹಿತ್ಲ ಕೋಣ್ಯಾಗೆ ಮಲಗು ಅಂದಾಳೆ, ಖಾನಾವಳಿ ಅಮ್ಮ."

"ನೋಡೋಣ. ಬೇಡ ಅನಿಸಿದ ದಿನ ಹೇಳಿ, ನಿಲ್ಲಿಸ್ತೀನಿ."

"ಬ್ಯಾಡ ಅನ್ನಾಕೆ ನಂಗೆ ಚಲೋ ಬರತೈತೆ, ಬಿಡು."

ಕೈಗೆ ಕೆಲಸವಾಗಲೆಂದು ಆಕೆಯಿಂದ ಬುಟ್ಟಿ ಹೆಣೆಸಲು ತಂದಿದ್ದ ಬೆತ್ತವನ್ನು ಮನೆಗೆ ವಾಪಸು ಒಯ್ದೆ. ನಡೆದದ್ದನ್ನೆಲ್ಲ ಅಧ್ಯಾಪಕಿಗೆ ಬರೆದೆ. ಒಪ್ಪಿಗೆ ಪತ್ರವಿಲ್ಲದ ವರದಿಯನ್ನು ಸ್ವೀಕರಿಸಲಾಗದು ಎಂದು ಉತ್ತರ ಬಂತು. ಮುಂದಿನ ರಜೆಯಲ್ಲಿ ಬೇರೆ ವರದಿ ಮಾಡುತ್ತೇನೆ, ಈ ಕೆಲಸವನ್ನು ಮಾತ್ರ ನಡುವೆ ಬಿಡಲಾರೆ ಎಂದು ತಿಳಿಸಿದೆ. ದಿನಾ ಬೆಳಗಿನ ಬಸ್ಸಿಗೆ ಹರಿಹರಕ್ಕೆ ಹೋದೆ.

ಹಲಗೆಯ ಮೇಲೆ ಜೋಳದ ರೊಟ್ಟಿಯನ್ನು ಬಲಗೈ ಬಡಿಯುತ್ತಿದ್ದರೆ ಎಡಗೈ ತಿರುಗಿಸುತ್ತಿರಬೇಕು. ಆಕೆಯ ಎಡಗೈ ತಿರುಗದು. ಹಿಟ್ಟು ಒಂದೇ ಕಡೆ ತೆಳ್ಳಗಾಗಿ ಹರಿಯುತ್ತಿತ್ತು. ಎರಡು ವಾರ ಬಿಸಿನೀರು, ವ್ಯಾಯಾಮ ಎಲ್ಲ ಮಾಡಿಸಿದೆ. ಬೆರಳುಗಳಿಗೆ ಬಲ ಬಂತು, ಮಣಿಕಟ್ಟು ಬಗ್ಗಲಿಲ್ಲ.

"ಬೀಸೋ ಕಲ್ಲು ತಿರುಗಲ್ವಾ?" ಎಂದಳು ಒಂದು ದಿನ. "ಹಲಗೀನೇ ತಿರುಗ್ಲಿ."

ನನ್ನ ಪುಸ್ತಕಗಳಲ್ಲಿ ಅದು ಇರಲಿಲ್ಲ. ಬಡಗಿಯಿಂದ ದುಂಡು ಹಲಗೆ ಮಾಡಿಸಿ, ಮಣೆಯ ಮೇಲೆ ಗೂಟಕ್ಕೆ ಕೂರಿಸಿದೆವು. ಎಡ ಅಂಗೈಯಿಂದ ಹಲಗೆಯನ್ನು ನೂಕುತ್ತ, ಬಲಗೈಯಿಂದ ಬಡಿಯತೊಡಗಿದಳು. ಮೂರು ವಾರದಲ್ಲಿ ರೊಟ್ಟಿ ಹರಿಯುವುದು ನಿಂತಿತು.

ಆಕೆಯ ರೊಟ್ಟಿಯ ಪರೀಕ್ಷೆಯ ದಿನ ಖಾನಾವಳಿಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಇದೇನು, ಕುಂಬಾರಗೆಲಸ ಹಿಡಿದ್ಯಾ?"

"ಮಡಕೆ ಬಂದ್ರೆ ಅದನ್ನೂ ಮಾರ್ಕೊಳ್ರಿ," ಎಂದಳು ಈಕೆ, ಬಡಿಯುವುದನ್ನು ನಿಲ್ಲಿಸದೆ.

ಖಾನಾವಳಿಯಮ್ಮ ಬಿಸಿ ರೊಟ್ಟಿಯ ಚೂರು ಮುರಿದು ಬಾಯಿಗಿಟ್ಟು, ನಿಧಾನವಾಗಿ ಅಗಿದಳು. "ದಪ್ಪಾತು. ನಾಳೆ ತೆಳ್ಳಗೆ ಬಡಿ. ಬರೋವಾಗ ಚಾಪೆ ತಗಂಡ್ ಬಾ."

ಮರುದಿನವೂ ಬಂದು ಜೊತೆಗಿರುತ್ತೇನೆ ಎಂದೆ.

"ಬ್ಯಾಡ, ತಂಗಿ. ನೀನು ನಿಂತು ನೋಡಿದ್ರೆ ರೊಟ್ಟಿ ದಪ್ಪಾಗ್ತೈತೆ."

ನಾನು ಹೋಗಲಿಲ್ಲ.